ಹದಿನೆಂಟು ಎಂದು ಬರೆದೆ

ಫೆಬ್ರವರಿ 3

ಮೆಡಿಕಲ್ ವಾರ್ಡ್, ಎರಡನೇ ವಾರ. ನರ್ಸಿಂಗ್ ಮೂರನೇ ವರ್ಷಕ್ಕೆ ಬಂದರೂ ಬೆಡ್‌ಶೀಟಿನ ಮೂಲೆ ಮಡಿಸುವುದರಲ್ಲಿ ನಮಗೆ ಕಲಿಸುವ ಮೇಡಂ ಇನ್ನೂ ತಪ್ಪು ಹುಡುಕುತ್ತಾರೆ. ಒಂಬತ್ತನೇ ಹಾಸಿಗೆಗೆ ಹೊಸ ಅಜ್ಜಿ. ಜ್ವರ, ಕೆಮ್ಮು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವರಂತೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಈ ಯೂನಿಫಾರ್ಮ್ ಹೊಲಿದೋನಿಗೂ ನಿಂಗೂ ಏನಾದ್ರೂ ಹಳೇ ಜಗಳ ಇತ್ತಾ?” ಅಂದರು. ಅಕ್ಕಪಕ್ಕದವರೆಲ್ಲ ನಕ್ಕರು. ನಾನೂ.

ಅಜ್ಜಿಯ ಮಗಳು ಸ್ಕೂಲ್ ಬಸ್ ಓಡಿಸುತ್ತಾಳೆ. ಎರಡು ಟ್ರಿಪ್ಪಿನ ನಡುವೆ ಬಂದು ಅಮ್ಮನ ತಲೆ ಬಾಚಿ ಹೋದಳು.

ಫೆಬ್ರವರಿ 6, ಸಂಜೆ 5

ಬೆಳಿಗ್ಗೆ ಎದ್ದಿದ್ದೇ ತಡವಾಗಿ. ಎಂಟಕ್ಕೆ ಡಾಕ್ಟರ ರೌಂಡ್ಸ್. ಅಷ್ಟರೊಳಗೆ ಆರು ಜನರ ಬಿಪಿ, ಟೆಂಪರೇಚರ್, ಪಲ್ಸ್, ಉಸಿರು. ಮೊದಲ ಮೂರನ್ನು ಯಂತ್ರ ಹೇಳುತ್ತದೆ. ಉಸಿರನ್ನು ಮಾತ್ರ ನಾವೇ ಎಣಿಸಬೇಕು — ಎದೆ ಏರಿಳಿಯುವುದನ್ನು ನೋಡುತ್ತ, ಪೂರ್ತಿ ಒಂದು ನಿಮಿಷ. ಯಾರೂ ಎಣಿಸುವುದಿಲ್ಲ. ಎಲ್ಲರೂ ಹದಿನೆಂಟು ಎಂದು ಬರೆಯುತ್ತಾರೆ, ಆರೋಗ್ಯವಂತರ ಲೆಕ್ಕ ಅದು. ಆರೂ ಜನರಿಗೆ ನಾನೂ ಅದನ್ನೇ ಬರೆದೆ.

“ಯಾಕೋ ಸುಸ್ತು ಕಣೇ” ಅಂದರು ಅಜ್ಜಿ.

“ನಿದ್ದೆ ಆಗಿಲ್ಲ ಅಷ್ಟೇ, ಮಲಗಿ” ಅಂದೆ. ಇವತ್ತು ತಮಾಷೆ ಮಾಡಲಿಲ್ಲ ಅವರು. ಗಮನಿಸಬೇಕಿತ್ತು...

ಮಧ್ಯಾಹ್ನ ಒಂದು ಗಂಟೆಗೆ ಅಜ್ಜಿಯ ತುಟಿ ನೀಲಿ. ಸ್ಟಾಫ್ ನರ್ಸ್ ಓಡಿಬಂದು ಎಣಿಸಿದರು. ಮೂವತ್ತೆಂಟು. ಐಸಿಯುಗೆ ಒಯ್ದರು.

ಫೆಬ್ರವರಿ 7

ಹೋದರು. ಬೆಳಿಗ್ಗೆ ಹತ್ತಕ್ಕೆ.

ಡಾಕ್ಟರ್ ಚಾರ್ಟ್ ತಿರುವಿ, “ನಿನ್ನೆ ಬೆಳಿಗ್ಗೆ ಹದಿನೆಂಟೇ ಇತ್ತಲ್ಲ. ಇದ್ದಕ್ಕಿದ್ದ ಹಾಗೆ ಉಸಿರು ಕೈಕೊಟ್ಟಿದೆ” ಅಂದರು. ಮೇಡಂ ಬೇರೆ — “ಚಾರ್ಟ್ ಅಂದ್ರೆ ಹೀಗಿರಬೇಕು, ಎಷ್ಟು ನೀಟಾಗಿದೆ ನೋಡಿ” ಎಂದು ನನ್ನ ಹಾಳೆಯನ್ನೇ ಎಲ್ಲರಿಗೂ ತೋರಿಸಿದರು.

ಮಗಳು ನನ್ನ ಎರಡೂ ಕೈ ಹಿಡಿದುಕೊಂಡು, “ಚೆನ್ನಾಗಿ ನೋಡ್ಕೊಂಡೆಯಮ್ಮ” ಅಂದಳು.

ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ.

ಫೆಬ್ರವರಿ 19

ಊಟ ಸೇರುತ್ತಿಲ್ಲ. ಇವತ್ತು ಎಥಿಕ್ಸ್ ಕ್ಲಾಸು. ನಮ್ಮದು ಜೆಸ್ವಿಟ್ ಪಾದ್ರಿಗಳು ನಡೆಸುವ ವಿಶ್ವವಿದ್ಯಾಲಯ. ಎಥಿಕ್ಸಿಗೆ ವಯಸ್ಸಾದ ಫಾದರ್ ಒಬ್ಬರು. ದಿನದ ಕೊನೆಗೆ ಹದಿನೈದು ನಿಮಿಷ ಕೂತು ಇಡೀ ದಿನವನ್ನು ಹಿಂದಿರುಗಿ ನೋಡಿ ಎಂದು ಮೊದಲ ವರ್ಷದಿಂದಲೂ ಹೇಳುತ್ತ ಬಂದಿದ್ದಾರೆ. ಈ ಡೈರಿ ಶುರುವಾಗಿದ್ದೂ ಹಾಗೆಯೇ. ಹನ್ನೆರಡು ದಿನದಿಂದ ಮುಟ್ಟಿರಲಿಲ್ಲ.

ಎಲ್ಲರೂ ಹೋದ ಮೇಲೆ ಫಾದರ್‌ಗೆ ಹೇಳಿಬಿಟ್ಟೆ. ಬೋರ್ಡ್ ಒರೆಸುತ್ತಿದ್ದವರು ಡಸ್ಟರ್ ಕೆಳಗಿಟ್ಟರು.

“ನಂಗೆ ಹೇಳೋದು ಸುಲಭ ಮಗಳೇ. ಹೇಳ್ಬೇಕಾದೋರಿಗೆ?”

“ಮೇಡಂ ಹತ್ರ ಹೇಳಿದ್ರೆ ನನ್ನ ಓದು ಮುಗೀತು, ಫಾದರ್.”

“ಮುಗೀಬಹುದು” ಅಂದರು. ಸಮಾಧಾನಕ್ಕೂ ಸುಳ್ಳು ಹೇಳಲಿಲ್ಲ. “ಬಾಗಿಲವರೆಗೆ ನಾನೂ ಬರ್ತೀನಿ. ಒಳಗೆ ನೀನೇ ಹೋಗ್ಬೇಕು.”

ಫೆಬ್ರವರಿ 20

ನಾನು ಹೇಳಿದ ಮೇಲೆ ಮೇಡಂ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. “ಎಷ್ಟು ಜನ ಎಣಿಸ್ತಾರೆ ಅಂತ ನಂಗೊತ್ತಿಲ್ಲ ಅಂದ್ಕೊಂಡ್ಯಾ? ಗೊತ್ತಿದ್ದೂ ಸುಮ್ಮನಿದ್ದೆ.” ಆಮೇಲೆ ಕಣ್ಣೊರೆಸಿಕೊಂಡು ತಪ್ಪು ದಾಖಲಿಸುವ ಫಾರಂ ಹೊರತೆಗೆದರು.

ವಾರ್ಡಿನ ಪೋಸ್ಟಿಂಗ್ ರದ್ದು. ಸೆಮಿಸ್ಟರ್ ಮತ್ತೆ ಮೊದಲಿಂದ. ಅಜ್ಜಿಯ ಮಗಳನ್ನು ಆಸ್ಪತ್ರೆಯವರೇ ಕರೆಸಿ ತಿಳಿಸುತ್ತಾರೆ; ನಾನೂ ಇರಬೇಕು.

ರೂಮ್‌ಮೇಟ್ ಕೆಂಡವಾಗಿದ್ದಾಳೆ. “ನೀನೇನು ಸತ್ಯಹರಿಶ್ಚಂದ್ರನ ಮೊಮ್ಮಗಳಾ? ನಾಳೆಯಿಂದ ನಮ್ಮೆಲ್ಲರ ಚಾರ್ಟೂ ಜಾಲಾಡ್ತಾರೆ.” ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ.

ಮಾರ್ಚ್ 4

ಸಣ್ಣ ಕೋಣೆ. ನಾಲ್ಕು ಕುರ್ಚಿ — ಮೇಡಂ, ಡಾಕ್ಟರ್, ನಾನು, ಅಜ್ಜಿಯ ಮಗಳು. ಡ್ರೈವರ್ ಅಂಗಿಯಲ್ಲೇ ಬಂದಿದ್ದಳು. ನಾನೇ ಹೇಳಿದೆ. ಪೂರ್ತಿ ಹೇಳಿದೆ.

“ಬೆಳಿಗ್ಗೆನೇ ಗೊತ್ತಾಗಿದ್ರೆ ಅಮ್ಮ ಉಳೀತಿದ್ರಾ?” ಎಂದು ಡಾಕ್ಟರನ್ನು ಕೇಳಿದಳು.

“ಉಳೀಬಹುದಿತ್ತು. ಖಂಡಿತ ಅಂತ ಹೇಳಕ್ಕಾಗಲ್ಲ.”

ನನ್ನ ಕಡೆ ತಿರುಗಿದಳು. “ಎಣಿಸೋಕೆ ಎಷ್ಟೊತ್ತು ಬೇಕು?”

“ಒಂದು ನಿಮಿಷ.”

ಗೋಡೆಯ ಗಡಿಯಾರ ನೋಡಿದಳು. ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವವರೆಗೂ ಕಣ್ಣು ಕೀಳಲಿಲ್ಲ.

“ಇಷ್ಟೇನಾ?”

ಬ್ಯಾಗು ಹೆಗಲಿಗೇರಿಸಿದಳು. “ಕೈಲಾದ್ದೆಲ್ಲ ಮಾಡಿದ್ರು ಅಂತ ಒಂದು ಸಮಾಧಾನ ಇತ್ತು ನಂಗೆ. ಅದನ್ನೂ ಕಿತ್ಕೊಂಡ್ಯಲ್ಲೇ.” ಬಾಗಿಲ ಹತ್ತಿರ ನಿಂತಳು. “ಹೇಳಿದ್ದು ಒಳ್ಳೇದಾಯ್ತು ಅನ್ನೋಕೆ... ಇವತ್ತು ನನ್ನ ಕೈಲಿ ಆಗಲ್ಲ.”

ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದಳು.

ಮಾರ್ಚ್ 9

ಮನೆಗೆ ಫೋನ್ ಮಾಡಿ ನನ್ನಮ್ಮನಿಗೆ ಎಲ್ಲ ಹೇಳಿದೆ. “ಸಾಕು, ಬಂದ್ಬಿಡು” ಅಂದಳು. ಇಲ್ಲಮ್ಮ, ಮುಗಿಸಿಯೇ ಬರುತ್ತೇನೆ ಅಂದೆ. ನನ್ನ ದನಿ ನನಗೇ ನಂಬಿಕೆ ಬರುವಂತಿರಲಿಲ್ಲ.

ಅಜ್ಜಿಯ ಮಗಳಿಗೆ ಪತ್ರ ಬರೆಯಲು ಬೆಳಿಗ್ಗೆಯಿಂದ ಕೂತಿದ್ದೇನೆ. ‘ಮಾನ್ಯರೇ’ — ಹೊಡೆದುಹಾಕಿದೆ. ‘ಅಕ್ಕಾ’ ಎಂದು ಬರೆದೆ. ಹಾಗೆ ಕರೆಯಲು ನಾನು ಅವಳಿಗೆ ಏನಾಗಬೇಕು? ಆದರೂ ಹೊಡೆದುಹಾಕಲಿಲ್ಲ.