ನೈಲಾನ್ ಬಲೆ ಬಿಸಿಲಿಗೆ ಹಾಕಿದ್ದು

ಅಣ್ಣಯ್ಯಾ,

ನಮ್ಮ ನೈಲಾನ್ ಬಲೆ ಹಾಳಾದದ್ದು ನೂಲಿನ ದೋಷದಿಂದಲ್ಲ, ಬಿಸಿಲಿನಿಂದ. ಭಾನುವಾರ ಇದನ್ನು ಹೇಳಿದವನು ಗಂಗೊಳ್ಳಿಯ ಶೀನ. ನಮ್ಮ ಬಲೆ ಹರಿದ ಮೇಲೆ, ನಮಗೆ ನೂಲು ತಂದುಕೊಟ್ಟ ಅದೇ ವಾಸುವಿನಿಂದ ಅದೇ ನೂಲು ಕೊಂಡವನು. ಅವನ ಬಲೆ ನಾಲ್ಕು ವರ್ಷ ಬಾಳಿತು.

ನಮ್ಮ ಕೋಡಿಯ ಮರಳಿನ ಮೇಲೆ ನೀನು ಆ ಬಲೆ ಬಿಚ್ಚಿದ ಬೆಳಿಗ್ಗೆ ನೆನಪಿದೆಯಾ? ಉಳಿದವರದೆಲ್ಲ ತೊಗಟೆಯ ಚೊಗರಿನಲ್ಲಿ ಬೇಯಿಸಿದ ಕಂದು ಹತ್ತಿಬಲೆ. "ಹ್ವಾಯ್, ಇದ್ ಬಲಿಯಾ, ಮದಿಮಗ್ಳ್ ಸೆರ್ಗಾ?" ಎಂದು ಸೋದರಮಾವ ನಕ್ಕ. "ನಿಮ್ಗ್ ಕಾಂಬುಕಲ್ಲ ಮಾವ, ಮೀನಿಗ್ ಕಾಣ್ದೆ ಇಪ್ಪುಕೆ!" ಎಂದೆ ನೀನು. ಆ ವರ್ಷ ಅಂಜಲು ಮೀನು ಬಿದ್ದ ಹಾಗೆ ಮತ್ತೆಂದೂ...

ಬಲೆ ಕೊಳ್ಳುವ ಮೊದಲು ಪಾಲಿಗೆ ಸೇರುತ್ತೇನೆಂದು ಅದೇ ಮಾವ ಮುಂದೆ ಬಂದಿದ್ದ. ನೀನು ಒಪ್ಪಲಿಲ್ಲ. "ಹೊಸ ಸಾಮಾನಿಗ್ ಅದ್ರ ವಿಷ್ಯ ಗೊತ್ತಿಪ್ಪವ್ನೇ ಜೊತಿಗ್ ಬೇಕ್" ಎಂದು ಬೊಂಬಾಯಿಯಿಂದ ಬಂದಿದ್ದ ವಾಸುವನ್ನು ಆರಿಸಿದೆ. ಈ ಬಲೆ ನಡೆಯುವಷ್ಟು ಕಾಲ ಅವನು ಈ ಕಡಲಲ್ಲಿ ಬೇರೆ ಯಾರಿಗೂ ನೂಲು ಮಾರಬಾರದು, ಅದು ನಿನ್ನ ಷರತ್ತು. ಎಷ್ಟು ಗಟ್ಟಿ ಮಾತು ಅಂದುಕೊಂಡಿದ್ದೆವು!

ಹತ್ತಿಬಲೆ ಒದ್ದೆಯಿದ್ದರೆ ಕೊಳೆಯುತ್ತದೆ. ಅಷ್ಟೇ ನಮಗೆ ಗೊತ್ತಿದ್ದದ್ದು. ಇಷ್ಟು ಒಳ್ಳೆಯ ಬಲೆಯಲ್ಲವೇ ಎಂದು ದಿನವೂ ಮಧ್ಯಾಹ್ನದ ಬಿಸಿಲಿಗೆ ಹರಡಿದವನು ನಾನೇ. ತನ್ನ ಪಾಲಿನ ಮೀನು ಒಯ್ಯಲು ಬರುತ್ತಿದ್ದ ವಾಸು ಕೊಡೆಯ ಕೆಳಗೆ ನಿಂತು, "ಬಲಿಕ್ಕಿಂತ ನಿಮ್ಮ್ ಆರೈಕೆ ಚಂದ ಕಾಣಿ" ಎನ್ನುತ್ತಿದ್ದ. ನಾನು ಹಿಗ್ಗುತ್ತಿದ್ದೆ.

ಎರಡನೆಯ ವರ್ಷ ನೂಲು ಬೆರಳಿಗೇ ತುಂಡಾಗತೊಡಗಿತು. ದೋಣಿಯಲ್ಲಿ ದುಡಿಯುತ್ತಿದ್ದ ನಾಲ್ವರೂ, ಹಾಳು ನೂಲು ತಂದು ನೀನು ಮೋಸ ಮಾಡಿದೆ ಎಂದು ಬಿಟ್ಟುಹೋದರು. ನೀನು ಮತ್ತೆ ಹತ್ತಿಬಲೆಗೆ ಚೊಗರು ಬೇಯಿಸಿದೆ. ಜ್ವರದಲ್ಲಿ ಮಲಗಿದಾಗಲೂ, "ಆ ನೂಲಿನ್ ಹೆಸ್ರ್ ತೆಗಿಬೇಡ" ಅಂದೆ. ತಪ್ಪು ನಿನ್ನದೆಂದೇ ತಿಳಿದು ಕಣ್ಣು ಮುಚ್ಚಿದೆಯಲ್ಲ...

ಶೀನನ ನೂಲಿನ ಕಟ್ಟಿನೊಳಗೆ ಇಂಗ್ಲಿಷಿನ ಒಂದು ಕಾಗದವಿತ್ತು: ನೆರಳಿನಲ್ಲಿಡಿ. ಓದಿ ಹೇಳಿದವನು ವಾಸು. "ಬಿಸ್ಲಿಗ್ ಹಾಕ್ಬೇಡಿ, ಕೋಡಿಯರ್ ಬಲಿ ಹಾಂಗೇ ಸತ್ತದ್ದ್" ಎಂದನಂತೆ. ನಮ್ಮ ನೂಲಿನ ಕಟ್ಟನ್ನು ಬಿಚ್ಚಿದವನೂ ಅವನೇ, ಕಾಗದ ಮಾತ್ರ ನಮ್ಮ ಕಣ್ಣಿಗೆ ಬೀಳಲಿಲ್ಲ. ನಮ್ಮ ಬಲೆ ಸತ್ತ ತಿಂಗಳೇ ಗಂಗೊಳ್ಳಿಯವರಿಗೆಲ್ಲ ನೂಲು ಮಾರಿದ. ಷರತ್ತು ಬಲೆಯ ಆಯುಷ್ಯದ ಮೇಲೆ ನಿಂತಿತ್ತು, ಅಣ್ಣಯ್ಯ. ಅದು ಬೇಗ ಸಾಯಬೇಕೆಂದು ಯಾರಿಗೆ ಆಸೆಯಿದ್ದೀತು? ನಾವು ಕೇಳಲೇ ಇಲ್ಲ.

ಈಗ ಎಂಜಿನ್ ದೋಣಿಯ ಕಾಲ. ಮೊನ್ನೆ ವಾಸುವೇ ಮನೆಗೆ ಬಂದ. "ಕೋಡಿಯಂಗ್ ಫಸ್ಟ್ ಎಂಜಿನ್ ನಮ್ದೇ ಆಯ್ಕ್ ಮಾರಾಯಾ. ನಿಮ್ಮಣ್ಣನ್ ಧೈರ್ಯ ನಿಂಗಿಲ್ಯಾ?"

"ನಮ್ಮ್ ಕಟ್ಟಿನಂಗಿದ್ದ್ ಕಾಗ್ದ ಎಂತ ಆಯ್ತ್?" ಎಂದೆ.

"ಹಳಿ ಕತಿ ಎಂತಕ್ ಈಗ?" ಎಂದ. ಇಲ್ಲವೆನ್ನಲಿಲ್ಲ. ಚಾ ಪೂರ್ತಿ ಕುಡಿದು ಎದ್ದ.

ನಿನ್ನೆ ಆ ನಾಲ್ವರ ಮನೆಗೂ ಹೋಗಿ ನಡೆದದ್ದನ್ನು ಹೇಳಿದೆ. ಬಿಸಿಲಿಗೆ ಹಾಕಿದವನು ನಾನು ಎಂಬುದನ್ನೂ ಹೇಳಿದೆ. ಮೂವರು ನಂಬಿದರು. ನಾಲ್ಕನೆಯವ ಕೃಷ್ಣ ಬಾಗಿಲಿಂದಲೇ, "ಸತ್ತವ್ರ್ ಎಲ್ಲಾ ಒಳ್ಳೆಯರೇ" ಎಂದು ಒಳಗೆ ಹೋದ.

ಗಂಗೊಳ್ಳಿಯಲ್ಲಿ ಒಂದು ಎಂಜಿನ್ ಈಗಾಗಲೇ ಓಡುತ್ತಿದೆ. ಈ ಕಡಲಲ್ಲಿ ನಮ್ಮದು ಎರಡನೆಯದಾಗುತ್ತದೆ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಕುಂದಾಪುರದಲ್ಲಿ ಶೀನ, ಆ ಮೂವರು ಮತ್ತು ನಾನು ಎಂಜಿನ್ ದೋಣಿಯ ಪಾಲುಪತ್ರಕ್ಕೆ ಸಹಿ ಹಾಕುತ್ತೇವೆ.

ನಿನ್ನ ತಮ್ಮ