ಲಾಭ, ಗಂಡು, ವಯಸ್ಸು ನಲವತ್ತೆರಡು

ಮರ್ಫಿ ಟೌನ್, ಬೆಂಗಳೂರು
21 ಆಗಸ್ಟ್ 2003

ಪ್ರೀತಿಯ ತಂಗಿ ಕಾವೇರಿಗೆ ಅಕ್ಕ ರಾಜೇಶ್ವರಿಯ ಆಶೀರ್ವಾದ.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಸಿಟ್ಟಾಗಿದ್ದರೆ ಅರ್ಧ ಸಿಟ್ಟು ಈಗ ಬಿಡು, ಉಳಿದದ್ದನ್ನು ಓದಿ ಮುಗಿಸಿದ ಮೇಲೆ ಬಿಡುವೆಯಂತೆ. ನಾವೆಲ್ಲ ಆರಾಮ. ಅವ್ವನ ಮೊಣಕಾಲು ನೋವಂತೂ ಹೇಳದೆ ಕೇಳದೆ ಹೋಗಿಬಿಟ್ಟಿದೆ. ಯಾಕೆಂದು ಹೇಳುತ್ತೇನೆ, ಕೇಳು.

ದಸರಾ ರಜೆಗೆ ರೈಲಿನಲ್ಲಿ ಗೋವಾಕ್ಕೆ ಹೋಗೋಣ ಎಂದು ನಿನ್ನ ಭಾವ ಮಾತು ತೆಗೆದರು. ಗರುಡಾಚಾರ್‌ಪಾಳ್ಯದ ಅವರ ಫ್ಯಾಕ್ಟರಿಯಲ್ಲಿ ಯಾರೋ ಹೋಗಿಬಂದು, ದಾರಿಯ ಘಟ್ಟದಲ್ಲಿ ಹಾಲು ಸುರಿದ ಹಾಗೆ ಬೀಳುವ ನೀರು, ಒಂದರ ಹಿಂದೊಂದು ಸುರಂಗ ಎಂದು ವರ್ಣಿಸಿದ್ದರಂತೆ. ನಮ್ಮ ಅಪ್ಪ ಹಳಿ ಕೆಲಸಕ್ಕೆ ಹೋಗಿ ಕಾಣೆಯಾದದ್ದು ಅದೇ ಘಟ್ಟದಲ್ಲಿ ಎಂಬುದು ಪಾಪ ಅವರಿಗೆ ನೆನಪಿರಲಿಲ್ಲ. ಅವ್ವ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. "ನಾನೂ ಬರ್ತೀನಿ, ಕಾವೇರಿನ್ನೂ ಕರಿ" ಎಂದಳು.

ಕೆಳಗಿನ ಮನೆಯ ಅಹ್ಮದ್ ಪಾಷಾ ಭಾಯಿ, ಶಿವಾಜಿನಗರದ ಅಂಗಡಿಗೆ ಹೋಗುವಾಗ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಟಿಕೆಟ್ ಮಾಡಿಸುತ್ತೇನೆಂದು ಫಾರಂ ಹಿಡಿದು ಕುಳಿತರು. ಎಷ್ಟು ಜನ ಎಂದರು. ಅವ್ವ ಎಣಿಸುವುದು ನಿನಗೆ ಗೊತ್ತಲ್ಲ, ಕಣದಲ್ಲಿ ಜೋಳ ಅಳೆದ ಹಾಗೆ. ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾಳೆ. ಬಾಗಿಲ ಬಳಿಯ ಬರಿ ಚಾಪೆಯತ್ತ ಕೈ ತೋರಿಸಿ "ಲಾಭ" ಎಂದಳು. ಆಮೇಲೆ ನನ್ನ ತಲೆ ಮುಟ್ಟಿ ಎರಡು. ನಿನ್ನ ಭಾವ ಮೂರು, ನನ್ನ ಮಗಳು ನಾಲ್ಕು, ರಾಯಚೂರಿನ ಹಾಸ್ಟೆಲಿನಲ್ಲಿರುವ ನೀನು ಐದು, ತಾನು ಆರು. ಇರುವವರು ಐದೇ ಜನ!

"ಲಾಭ ಅಂದ್ರೆ ಯಾರಮ್ಮಾ? ಊರಿಂದ ಬರೋರಾ?" ಎಂದರು ಪಾಷಾ ಭಾಯಿ. ಮನೆಯಲ್ಲಿ ದಖನಿ ಉರ್ದು ಆಡುವವರು, ಜೋಳ ಅಳೆದವರಲ್ಲ.

"ಹೂನಪ್ಪಾ, ಬರಾವ್ರು ಅದಾರ. ಗಂಡಸ್ರು" ಎಂದಳು ಅವ್ವ.

ತಮಾಷೆ ಎಂದುಕೊಂಡು ನಾವೆಲ್ಲ ನಕ್ಕೆವು. ಸಂಜೆ ಟಿಕೆಟ್ ಬಂತು. ಆರು ಹೆಸರು. ಮೊದಲನೆಯದೇ ಲಾಭ, ಗಂಡು, ವಯಸ್ಸು ನಲವತ್ತೆರಡು.

"ವಯಸ್ಸು ಯಾರು ಹೇಳಿದ್ರು ಭಾಯ್?"

"ಅದೊಂದು ಕೇಳೋದು ಮರ್ತ್ಬಿಟ್ಟಿದ್ದೆ. ಕೌಂಟರಲ್ಲಿ ಬೇಗ ಹೇಳಿ ಅಂತಾರೆ. ಲೈನಲ್ಲಿ ನನ್ ಹಿಂದೆ ನಿಮ್ ಕಡೆಯೋರೇ ಒಬ್ರು, ತಲೇಗೆ ಬಿಳೀ ರುಮಾಲು, 'ನಲವತ್ತೆರಡು ಅಂತ ಬರೀರಿ ಸಾಹೇಬ್ರ' ಅಂದ್ರು. ನಿಮ್ ನೆಂಟ್ರೇ ಇರ್ಬೇಕು ಅಂದ್ಕೊಂಡೆ. ಟಿಕೆಟ್ ತಗೊಂಡು ತಿರುಗಿದ್ರೆ ಆಸಾಮಿ ಇಲ್ಲ."

ಹದಿನಾರು ವರ್ಷದ ಹಿಂದೆ ಮನೆ ಬಿಟ್ಟಾಗ ಅಪ್ಪನಿಗೆ ನಲವತ್ತೆರಡು. ನೀನಾಗ ಐದು ವರ್ಷದವಳು. ಇದನ್ನು ಪಾಷಾ ಭಾಯಿಗೆ ನಾವ್ಯಾರೂ ಹೇಳಿದವರಲ್ಲ.

ಅಂದಿನಿಂದ ಅವ್ವನ ನಡಿಗೆಯೇ ಬೇರೆ. ಹಲಸೂರು ಮಾರ್ಕೆಟ್ಟಿಗೆ ಒಬ್ಬಳೇ ಹೋಗಿ ಹೊಸ ಧೋತರ ತಂದಿದ್ದಾಳೆ. ಕಿಟಕಿ ಸೀಟಿಗಾಗಿ ಮೊಮ್ಮಗಳ ಜೊತೆ ಜಗಳ.

"ನಿಮ್ಮಜ್ಜಗ ಕಿಟಕಿ ಬೇಕು. ಆ ಗುಡ್ಡ ಕಡಿದಾವ್ರು ಅವ್ರು."

"ಅಜ್ಜ ಎಲ್ಲಿದ್ದಾರೆ?"

"ಸ್ಟೇಷನ್ನಿಗೇ ಬರ್ತಾರ."

ನಿನ್ನ ಭಾವ ನನ್ನನ್ನು ಪಕ್ಕಕ್ಕೆ ಕರೆದು, "ಆ ಒಂದು ಹೆಸರು ಕ್ಯಾನ್ಸಲ್ ಮಾಡಿಸ್ಬಿಡು. ಇಲ್ಲಾಂದ್ರ ಅತ್ತಿ ಘಟ್ಟದಾಗ ಇಳದು ಹೋಗಿಬಿಟ್ಟಾರು, ಯಾರು ಹಿಡೀಬೇಕು?" ಎಂದರು. ಮೊನ್ನೆ ಮಂಗಳವಾರ ಹಾಡುಹಗಲೇ ಸ್ಟೇಷನ್ನಿಗೆ ಹೋದೆ. ಸಾಲಿನಲ್ಲಿ ನಾನೇ ಕಡೆಯವಳು. ಕೌಂಟರಿನ ಹೆಂಗಸು ಟಿಕೆಟ್ ನೋಡಿ, "ಈ ಪ್ಯಾಸೆಂಜರ್ ಬರಲ್ವಾ?" ಎಂದಳು.

"ಇಲ್ಲ ಮೇಡಂ."

ಅವಳು ನನ್ನ ಭುಜದಾಚೆ ನೋಡಿ ನಕ್ಕಳು. "ಅವ್ರು ಬರ್ತೀನಿ ಅಂತಿದ್ದಾರಲ್ಲಮ್ಮಾ. ಮೊದ್ಲು ನೀವ್ನೀವೇ ಮಾತಾಡ್ಕೊಂಡ್ ಬನ್ನಿ."

ನಾನು ತಿರುಗಿ ನೋಡಲಿಲ್ಲ ಕಾವೇರಿ. ಟಿಕೆಟ್ ತೆಗೆದುಕೊಂಡು, ನೆಲವನ್ನೇ ನೋಡುತ್ತಾ ಹೊರಗೆ ಬಂದೆ. ಆರೂ ಹೆಸರು ಹಾಗೇ ಇವೆ.

ನೀನು ಎರಡು ದಿನ ಮೊದಲೇ ಬಂದುಬಿಡು. ಹೊದಿಕೆ ತರಬೇಡ, ಇಲ್ಲಿವೆ. ನಿನ್ನ ನರ್ಸಿಂಗ್ ಪರೀಕ್ಷೆ ಹಗುರಾಗಲಿ, ಕೈಗುಣ ಒಳ್ಳೆಯದಾಗಲಿ, ತಾಯಿ ಯಲ್ಲಮ್ಮ ನಿನ್ನನ್ನು ತಂಪಾಗಿಟ್ಟಿರಲಿ.

ನಿನ್ನ ಅಕ್ಕ,
ರಾಜೇಶ್ವರಿ

ತಾ.ಕ.: ಹೆದರಿ ತಿರುಗಲಿಲ್ಲ ಎಂದು ನೀನು ತಿಳಿದಿರಬಹುದು. ಅಲ್ಲ. ಏಳು ವರ್ಷದ ಹಿಂದೆ, ನನ್ನ ಮದುವೆಯ ಹಿಂದಿನ ದಿನ, ನೀನೂ ಅವ್ವನೂ ಬಳೆ ತರಲು ಹೋಗಿದ್ದಿರಿ. ಗಂಡಿನ ಕಡೆಯವರು ಒಳಗೆ ಚಹಾ ಕುಡಿಯುತ್ತಿದ್ದರು. ಆಗ ಅಪ್ಪ ಬಂದ. ಹರಿದ ಅಂಗಿ, ಬರಿಗಾಲು. ನಾನು ಕಂಡಕೂಡಲೇ ಗುರುತು ಹಿಡಿದೆ, ಅವನಿಗೆ ನನ್ನ ಗುರುತು ಸಿಗಲಿಲ್ಲ. "ಶೇಷಮ್ಮ ಇಲ್ಲೇ ಇರ್ತಾಳೇನವ್ವಾ?" ಎಂದು ಅವ್ವನ ಹೆಸರು ಹಿಡಿದು ಕೇಳಿದ. ಅವ್ವ ಒಂಬತ್ತು ವರ್ಷ ಇಟ್ಟಿಗೆ ಹೊತ್ತದ್ದು ಕಣ್ಣೆದುರು ಬಂತು. ಒಳಗಿನವರು ಇವನನ್ನು ನೋಡಿಯಾರೆಂಬ ನಾಚಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. "ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ" ಎಂದುಬಿಟ್ಟೆ. "ತಪ್ಪಾತವ್ವಾ" ಎಂದು ಮೆಟ್ಟಿಲು ಇಳಿದು ಹೋದ.

ಅವ್ವನಿಗೆ ಇದು ಗೊತ್ತಿಲ್ಲ. ರೈಲಿನಲ್ಲಿ ಅಪ್ಪ ಹೇಳುವ ಮೊದಲು ನಾನೇ ಹೇಳಬೇಕು. ಅದಕ್ಕೇ ನಿನ್ನನ್ನು ಎರಡು ದಿನ ಮೊದಲು ಬಾ ಎಂದದ್ದು.