ನನ್ನ ತಂಗಿಯ ಬಾಗಿಲನ್ನು ಶಾಂತಿಗೆ ಸಾಕ್ಷಿ ಮಾಡಿದವರಿಗೆ

ಮಾನ್ಯರೇ,

ಅಂತಾರಾಷ್ಟ್ರೀಯ ಶಾಂತಿ ಪ್ರಶಸ್ತಿಯ ಆಯ್ಕೆ ಸಮಿತಿಗೆ ಅಧ್ಯಕ್ಷರಾಗಿರುವ ತಮ್ಮ ಮೇಲೆ ನನ್ನದೊಂದು ತಕರಾರಿದೆ. ಕುಶಲಪ್ರಶ್ನೆಗಳನ್ನು ಬದಿಗಿರಿಸಿ ಅದನ್ನೇ ಮೊದಲು ಹೇಳುತ್ತೇನೆ. ನಮ್ಮ ದೇಶದ ನಾಯಕರಿಗೆ ಈ ಸಾಲಿನ ಪ್ರಶಸ್ತಿ ಘೋಷಿಸಿ ತಾವು ಹೊರತಂದಿರುವ ಪ್ರಶಂಸಾಪುಸ್ತಿಕೆಯ ಮುಖಪುಟದಲ್ಲಿ ಅರ್ಧ ತೆರೆದ ಒಂದು ಬಾಗಿಲಿನ ಚಿತ್ರವಿದೆ. ಕೆಳಗೆ, "ಈ ಗಡಿಯೂರಿನ ಜನ ಇಂದು ಬಾಗಿಲು ತೆರೆದಿಟ್ಟು ನಿದ್ರಿಸುತ್ತಾರೆ" ಎಂಬ ವಾಕ್ಯವಿದೆ. ಆ ಬಾಗಿಲು ನನ್ನ ತಂಗಿಯದು. ವಾಕ್ಯದ ಒಂದೊಂದು ಪದವೂ ನಿಜ. ವಾಕ್ಯ ಮಾತ್ರ ಸುಳ್ಳು.

ನಾನು ಎಪ್ಪತ್ತು ದಾಟಿದವನು. ಊರಿನ ಪ್ರಾರ್ಥನಾಮಂದಿರದಲ್ಲಿ ಪ್ರಾಚೀನ ಗ್ರಂಥಗಳನ್ನು ಓದಿ, ತಿಳಿದಷ್ಟು ಅರ್ಥ ಹೇಳುತ್ತ ಬಂದವನು. ಶಾಂತಿಯನ್ನು ಭಗವಂತನಲ್ಲಿ ಬೇಡುವುದು ನನ್ನ ನಿತ್ಯದ ಕೆಲಸ. ಅದನ್ನು ನಾಯಕರು ದಯಪಾಲಿಸುತ್ತಾರೆಂಬುದು ನನಗೆ ತಮ್ಮ ಪುಸ್ತಿಕೆಯಿಂದ ತಿಳಿದ ಹೊಸ ಸಿದ್ಧಾಂತ. ಆದಕಾರಣ ಅದನ್ನು ಶ್ರದ್ಧೆಯಿಂದಲೇ ಓದಿದೆ. ಓದಿದ ಮೇಲೆ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಪತ್ರವನ್ನು ಎಷ್ಟು ಸಲ ಬರೆದು ಹರಿದಿದ್ದೇನೋ ನನಗೇ ಲೆಕ್ಕವಿಲ್ಲ.

ತಮ್ಮ ವೀಕ್ಷಕರು ಚಳಿಗಾಲದ ನಡುವೆ ನಮ್ಮೂರಿಗೆ ಬಂದಿದ್ದರು. ಸಂಜೆ ನಮ್ಮ ಬೀದಿಯಲ್ಲಿ ಕೊನೆಯಿಂದ ಕೊನೆಗೆ ನಡೆದರು. ಹಲ್ಲು ಕಟಕಟಿಸುವ ಅಂಥ ಚಳಿಯಲ್ಲೂ ಮನೆಮನೆಯ ಬಾಗಿಲು ಒಂದು ಮೊಳದಷ್ಟು ತೆರೆದಿರುವುದನ್ನು ಕಂಡು ಮುಖ ಮುಖ ನೋಡಿಕೊಂಡರು, ತಲೆದೂಗಿದರು, ಚಿತ್ರ ತೆಗೆದುಕೊಂಡರು. ಬಾಗಿಲು ತೆರೆದಿದೆ, ಅಂದಮೇಲೆ ಜನರಿಗೆ ಭಯವಿಲ್ಲ, ಅಂದಮೇಲೆ ಶಾಂತಿಯಿದೆ, ಅಂದಮೇಲೆ ಅದನ್ನು ತಂದವರಿಗೆ ಪದಕ ಸಲ್ಲಬೇಕು. ತರ್ಕದಲ್ಲಿ ಎಲ್ಲಿಯೂ ಬಿರುಕಿಲ್ಲ. ಇದ್ದ ಬಿರುಕೆಲ್ಲ ನಮ್ಮ ಗೋಡೆಗಳಲ್ಲಿತ್ತು. ಅದು ಚಿತ್ರದಲ್ಲಿ ಬಂದಿಲ್ಲ.

ಮಾನ್ಯರೇ, ಶೆಲ್ ಬಿದ್ದಾಗ ನೆಲ ಕದಲುತ್ತದೆ. ಗೋಡೆ ಬೆರಳಿನಷ್ಟು ಕುಸಿದರೂ ಸಾಕು, ಬಾಗಿಲಿನ ಚೌಕಟ್ಟು ಸೊಟ್ಟಗಾಗಿ ಮುಚ್ಚಿದ ಕದ ಅದರೊಳಗೆ ಬಿಗಿದುಕೊಳ್ಳುತ್ತದೆ. ಆಮೇಲೆ ನಾಲ್ಕು ಜನ ಸೇರಿ ಎಳೆದರೂ ಅದು ಮಿಸುಕದು. ತೆರೆದಿಟ್ಟ ಬಾಗಿಲಿನಲ್ಲಾದರೆ ಓಡಿಹೋಗಲು ದಾರಿಯುಳಿಯುತ್ತದೆ. ಇದನ್ನು ನಮಗೆ ಯಾವ ಶಾಲೆಯೂ ಕಲಿಸಲಿಲ್ಲ. ಒಂದೊಂದು ಮನೆಯೂ ಒಂದೊಂದು ಜೀವ ತೆತ್ತು ಕಲಿಯಿತು. ಹೀಗಾಗಿ ಯುದ್ಧದ ಕಾಲದಲ್ಲಿ ನಮ್ಮೂರಿನಲ್ಲಿ ಚಿಲಕ ಹಾಕುವ ಅಭ್ಯಾಸವೇ ತಪ್ಪಿಹೋಯಿತು. ಯುದ್ಧ ನಿಂತಿತೆಂದು ತಾವು ಸಾರಿದ ಮೇಲೂ ಅದು ಮರಳಿಲ್ಲ. ಏಕೆ ಮರಳಿಲ್ಲವೆಂದು ಕೇಳುವಿರೇನು? ನಮ್ಮ ಹೊಸ್ತಿಲಲ್ಲಿ ನಿಂತು ಕತ್ತೆತ್ತಿದರೆ ನದಿಯ ಈಚೆಯ ಬೆಟ್ಟದ ಮೇಲೆ ನಮ್ಮ ಫಿರಂಗಿಗಳು, ಆಚೆಯ ಬೆಟ್ಟದ ಮೇಲೆ ಅವರ ಫಿರಂಗಿಗಳು ಕಾಣುತ್ತವೆ. ಒಪ್ಪಂದವಾದ ಮೇಲೆ ಎರಡಕ್ಕೂ ಟಾರ್ಪಾಲು ಹೊದಿಸಿದ್ದಾರೆ. ಇಳಿಸಿಲ್ಲ. ಮಲಗಿರುವ ಹುಲಿಗೆ ಕಂಬಳಿ ಹೊದಿಸಿದವನನ್ನು ತಾವು ಹುಲಿ ಕೊಂದವನೆಂದು ಸನ್ಮಾನಿಸುವಿರಾ?

ಇನ್ನು ತಮ್ಮ ಮುಖಪುಟದ ಬಾಗಿಲಿನ ಕಥೆ. ನನ್ನ ತಂಗಿ ಬಟ್ಟೆ ಹೊಲಿಯುವವಳು. ಅವಳ ಗಂಡ, ನನ್ನ ಭಾವಮೈದುನ, ಬಸ್ ಕಂಡಕ್ಟರಾಗಿದ್ದ. ಬಾಯಿ ತೆರೆದರೆ ತಮಾಷೆ. ಊಟಕ್ಕೆ ಕೂತಾಗಲೂ "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂದು ತನ್ನ ಹೊಟ್ಟೆಗೇ ಹೇಳಿಕೊಳ್ಳುವವನು. ಒಂದು ದಿನ ಕೆಲಸ ಮುಗಿಸಿ ಬಂದವನು ಸಮವಸ್ತ್ರ ಬದಲಿಸಲು ಒಳಕೋಣೆಗೆ ಹೋಗಿ, ಚಳಿಯೆಂದು ಬಾಗಿಲು ಹಾಕಿಕೊಂಡ. ಪಕ್ಕದ ಮನೆಯ ಹಿತ್ತಿಲಿಗೆ ಶೆಲ್ ಬಿತ್ತು. ಹಜಾರದಲ್ಲಿ ಇಸ್ತ್ರಿ ಹಾಕುತ್ತಿದ್ದ ತಂಗಿ ಓಡಿಹೋಗಿ ಕದ ತಳ್ಳಿದಳು. ಅದು ಕಚ್ಚಿಕೊಂಡಿತ್ತು. ಕಿಟಕಿಗೆ ಕಬ್ಬಿಣದ ಸರಳು. ಮನೆಯ ಹಿಂಬದಿಯಿಂದ ಬೆಂಕಿ.

"ಏ, ಹಂಗ್ಯಾಕೆ ಬಡೀತಿದ್ದೀಯೆ? ಕದ ಮುರಿದ್ರೆ ಮತ್ತೆ ಮಾಡ್ಸೋರ್ಯಾರು?" ಎಂದನಂತೆ ಒಳಗಿನಿಂದ.

"ತಮಾಷೆ ಸಾಕು, ನೀವೂ ಒಳಗಿಂದ ಎಳೀರಿ!"

"ಎಳೀತಾನೇ ಇದ್ದೀನಲ್ಲೇ."

ಸ್ವಲ್ಪ ಹೊತ್ತು ಕೆಮ್ಮು. ಹೊಗೆ ಕದದ ಸಂದಿಯಿಂದ ಹೊರಗೂ ಬರತೊಡಗಿತು. ಅಷ್ಟರಲ್ಲಿ ಅವನ ದನಿ ಮತ್ತೆ ಕೇಳಿಸಿತು: "ನೀನು ಇಲ್ಲೇ ಇಳ್ಕೋ ಕಣೇ. ನಾನು ಡಿಪೋವರೆಗೂ ಹೋಗಿ ಬರ್ತೀನಿ." ಬಸ್ಸಿನ ಮೈಯನ್ನು ಅಂಗೈಯಿಂದ ಎರಡು ಸಲ ತಟ್ಟಿ ಹೊರಡಿಸುವುದು ಅವನ ವೃತ್ತಿಯ ರೂಢಿ. ಕದದ ಒಳಗಿನಿಂದ ಎರಡು ಸಲ ತಟ್ಟಿದ ಸದ್ದಾಯಿತು. ಅಷ್ಟೇ. ನೆರೆಯವರು ಅವಳನ್ನು ಹೊರಗೆಳೆದು ತಂದರು.

ಮನೆಯನ್ನು ಮತ್ತೆ ನಿಲ್ಲಿಸಿದ್ದಾಯಿತು. ಅಂದು ಅವಳ ಕೈಯಲ್ಲಿದ್ದ, ಕೆಂಡ ತುಂಬುವ ಆ ಭಾರದ ಇಸ್ತ್ರಿಪೆಟ್ಟಿಗೆ ಮಾತ್ರ ಮತ್ತೆ ಬಟ್ಟೆಯ ಮೇಲೆ ಕೂತಿಲ್ಲ. ಗಾಳಿಗೆ ಬೀದಿಬಾಗಿಲು ಮುಚ್ಚಿಕೊಳ್ಳದಂತೆ ಅದನ್ನು ಕದದ ಬುಡಕ್ಕೆ ಒತ್ತಿಟ್ಟಿದ್ದಾಳೆ. ತಮ್ಮ ಚಿತ್ರವನ್ನು ಇನ್ನೊಮ್ಮೆ ನೋಡಿ. ಎಡಗಡೆಯ ಮೂಲೆಯಲ್ಲಿ ಕಪ್ಪಗೆ ಕಾಣುತ್ತಿರುವುದು ಅದೇ.

ನಾಯಕರು ಏನನ್ನೂ ಮಾಡಲಿಲ್ಲವೆಂದು ನಾನು ಹೇಳುವವನಲ್ಲ. ಸಹಿ ಹಾಕಿದರು, ಫಿರಂಗಿಗಳು ಸುಮ್ಮನಾದವು, ನಾವು ತುತ್ತನ್ನು ನಿಧಾನವಾಗಿ ಅಗಿಯುವಂತಾಯಿತು. ಆ ಉಪಕಾರವನ್ನು ಮರೆತರೆ ಭಗವಂತನೂ ಮೆಚ್ಚಲಾರ. ಆದರೆ ಅವರು ಸಹಿ ಹಾಕಿದ ಒಪ್ಪಂದ ಯಾವುದು? ಅದನ್ನು ಮಾಡಿಸಿದ ಮಧ್ಯಸ್ಥರೇ ಯುದ್ಧಕ್ಕೆ ಮೊದಲು ಅವೇ ಷರತ್ತುಗಳನ್ನು ತಂದಿದ್ದರು. ಅಂದು ಈ ನಾಯಕರೇ ತುಂಬಿದ ಸಭೆಯಲ್ಲಿ ಆ ಕಾಗದವನ್ನು ಎತ್ತಿಹಿಡಿದು ಹರಿದರು; ಚಪ್ಪಾಳೆ ಬಿತ್ತು; ಚುನಾವಣೆಯಲ್ಲಿ ಗೆದ್ದರು. ಅವೇ ಷರತ್ತುಗಳು, ಅದೇ ಗಡಿರೇಖೆ, ಅದೇ ನದಿ. ಮೊದಲ ಪ್ರತಿಗೂ ಎರಡನೆಯ ಪ್ರತಿಗೂ ವ್ಯತ್ಯಾಸವೊಂದೇ: ಎರಡರ ನಡುವಿನ ಕಾಲದಲ್ಲಿ ನನ್ನ ಭಾವಮೈದುನನಂಥವರು ಹೋದರು. ತಾವು ಪದಕ ಕೊಡುತ್ತಿರುವುದು ಸಹಿಗೋ, ಆ ನಡುವಿನ ಕಾಲಕ್ಕೋ? ಸಹಿಗಾದರೆ ಅದನ್ನು ಮೊದಲೇ ಹಾಕಬಹುದಿತ್ತಲ್ಲವೇ? ತಡಮಾಡಿ ಮಾಡಿದ ಧರ್ಮವೂ ಧರ್ಮವೇ ಎಂದು ನಮ್ಮ ಹಿರಿಯರು ಕ್ಷಮಿಸುತ್ತಿದ್ದರು. ಅದಕ್ಕೆ ಯಾರೂ ಬಹುಮಾನ ಕೊಡುತ್ತಿರಲಿಲ್ಲ.

ಪ್ರಶಸ್ತಿಯ ಸುದ್ದಿ ಬಂದ ದಿನ ಕ್ಷೌರದಂಗಡಿಯಲ್ಲಿದ್ದೆ. ನನ್ನ ಗಲ್ಲಕ್ಕೆ ನೊರೆ ಹಚ್ಚಿ, ಕತ್ತಿಯನ್ನು ಗಂಟಲ ಹತ್ತಿರ ತಂದು ನಿಲ್ಲಿಸಿಕೊಂಡೇ ಕ್ಷೌರಿಕ ಹೇಳಿದ: "ಯಜಮಾನ್ರೇ, ಕುಯ್ಯದೇ ಬಿಟ್ಟಿದ್ದಕ್ಕೆಲ್ಲ ಪದಕ ಕೊಡೋದಾದ್ರೆ ನನ್ನ ಗೋಡೇಲಿ ಕನ್ನಡಿ ಹಾಕೋಕೆ ಜಾಗ ಇರ್ತಿರ್ಲಿಲ್ಲ." ಅಂಗಡಿಯವರೆಲ್ಲ ನಕ್ಕರು. ನಾನೂ ನಗುತ್ತಿದ್ದೆ, ಕತ್ತಿ ಅಲ್ಲಿತ್ತೆಂದು ತಡೆದುಕೊಂಡೆ. ತಮ್ಮ ಸಮಿತಿಯ ಇಡೀ ವಿವೇಚನೆಗೆ ನನಗೆ ದೊರೆತ ಅತಿ ಸಂಕ್ಷಿಪ್ತ ಭಾಷ್ಯ ಅದೇ.

ಆದರೆ ನನ್ನ ತಂಗಿಯ ಮಗಳು ನನ್ನನ್ನು ನಿರಾಳವಾಗಿರಲು ಬಿಡಲಿಲ್ಲ. ಆಸ್ಪತ್ರೆಯಲ್ಲಿ ದಾದಿ ಅವಳು. ಸತ್ತವರನ್ನೂ ಉಳಿದವರನ್ನೂ ಹತ್ತಿರದಿಂದ ಕಂಡವಳು. "ಮಾವ, ಕೊಟ್ಕೊಳ್ಳಲಿ ಬಿಡಿ. ಪದಕ ಕೊರಳಿಗೆ ಬಿದ್ಮೇಲೆ ನಾಚಿಕೆಗಾದ್ರೂ ಮತ್ತೆ ಯುದ್ಧಕ್ಕೆ ಹೋಗಲ್ಲ. ನಮಗೆ ಬೇಕಿರೋದು ಅಷ್ಟೇ ಅಲ್ವಾ?" ಎಂದಳು. ಅಪ್ಪನನ್ನು ಕಳೆದುಕೊಂಡ ಮಗಳು ಆಡಿದ ಮಾತದು, ತಳ್ಳಿಹಾಕುವಂಥದ್ದಲ್ಲ. ಅದನ್ನು ಹೊತ್ತುಕೊಂಡು ಎಷ್ಟೋ ದಿನ ಬೀದಿಯಲ್ಲಿ ಮೇಲಕ್ಕೂ ಕೆಳಕ್ಕೂ ತಿರುಗಿದೆ. ಗದ್ದುಗೆಯ ಮೇಲಿರುವವನಿಗೆ ಪ್ರಶಸ್ತಿ ಕಡಿವಾಣವಾಗುತ್ತದೆಯೋ, ಕವಚವಾಗುತ್ತದೆಯೋ? ನಾಳೆ ಇವರು ಇನ್ನೊಂದು ಒಪ್ಪಂದವನ್ನು ಇನ್ನೊಂದು ಸಭೆಯಲ್ಲಿ ಹರಿದರೆ, ಶಾಂತಿಪದಕ ಧರಿಸಿದವರ ಕೈಯನ್ನು ಹಿಡಿಯುವವರು ಯಾರು? ಹಿಡಿಯಲು ಹೋದವನೇ ಶಾಂತಿದ್ರೋಹಿಯಾಗುವುದಿಲ್ಲವೇ? ಯೋಚಿಸಿದಷ್ಟೂ ಎರಡನೆಯದೇ ನಿಜವೆನಿಸಿತು. ಅಧಿಕಾರ ಉಳಿಸಿಕೊಳ್ಳಲು ಯುದ್ಧ ಬೇಕಾದಾಗ ಯುದ್ಧ, ಶಾಂತಿ ಬೇಕಾದಾಗ ಶಾಂತಿ ಮಾಡಬಲ್ಲವನ ಶಾಂತಿಯನ್ನು ಅವನು ಗದ್ದುಗೆಯಿಂದ ಇಳಿದ ಮೇಲೆ ಅಳೆಯಬೇಕು. ಆಗಲೂ ಅದು ನಿಂತಿದ್ದರೆ ಪದಕ ಕೊಡಿ. ನಾನು ಎದ್ದುನಿಂತು ಕೈಮುಗಿಯುತ್ತೇನೆ.

ಇಷ್ಟಾಗಿದ್ದರೆ ನನ್ನ ಅಸಮಾಧಾನ ನನ್ನೊಳಗೇ ಉಳಿಯುತ್ತಿತ್ತು. ಕಳೆದ ವಾರ ನಮ್ಮ ಸರ್ಕಾರದ ಪ್ರಚಾರ ಇಲಾಖೆಯ ಅಧಿಕಾರಿಯೊಬ್ಬರು ತಂಗಿಯ ಮನೆಗೆ ಬಂದರು. ವಿನಯವಂತರು. ಪ್ರದಾನ ಸಮಾರಂಭಕ್ಕೆ ಅವಳನ್ನು ಕರೆದೊಯ್ಯುವರಂತೆ. ನಾನೂ ಅಲ್ಲಿಯೇ ಕೂತಿದ್ದೆ.

"ಅಮ್ಮಾ, ವೇದಿಕೆ ಮೇಲೆ ನೀವು ಒಂದೇ ಮಾತು ಹೇಳಿದ್ರೆ ಸಾಕು. 'ನಾನು ಬಾಗಿಲು ತೆಗೆದಿಟ್ಟು ಮಲಗ್ತೀನಿ' ಅಂತ. ನಿಜಾನೇ ಅಲ್ವಾ ಅದು?"

"ನಿಜಾನೇ ಕಣಪ್ಪ."

"ಮತ್ತೇನು ಯೋಚನೆ?"

"ಯಾಕೆ ಅಂತ ಕೇಳಿದ್ರೆ?"

"ಅಯ್ಯೋ, ಯಾರೂ ಕೇಳಲ್ಲ ಬಿಡಿ."

ಅಷ್ಟರಲ್ಲಿ ಗಾಳಿ ಬೀಸಿತು. ಅಧಿಕಾರಿ ಮಾತಿನ ಭರದಲ್ಲಿ ಎದ್ದು ಹೋಗಿ, ಇಸ್ತ್ರಿಪೆಟ್ಟಿಗೆಯನ್ನು ಕಾಲಿನಿಂದ ಸರಿಸಿ, ಬಾಗಿಲು ಮುಂದಕ್ಕೆ ಹಾಕಿದರು. ತಂಗಿಯ ಮಡಿಲಲ್ಲಿದ್ದ ಕತ್ತರಿ, ಬಟ್ಟೆ ಎಲ್ಲ ನೆಲಕ್ಕೆ ಬಿದ್ದವು. ಮಂಡಿನೋವಿನ ಆ ಮುದುಕಿ ಹೇಗೆ ಹಾರಿದಳೋ ತಿಳಿಯದು. ಕದ ಚೌಕಟ್ಟಿಗೆ ತಾಗುವ ಮುನ್ನ ಸಂದಿಗೆ ಪಾದ ಕೊಟ್ಟಿದ್ದಳು.

"ಬೇಡ! ಮುಚ್ಬೇಡಿ!"

"ಕ್ಷಮಿಸಿ ಅಮ್ಮಾ, ಚಳಿ ಅಂತ..."

"ಚಳಿಯಾದ್ರೆ ಕಂಬಳಿ ಕೊಡ್ತೀನಿ, ಕೂತ್ಕೊಳ್ಳಿ" ಎಂದು ಕೊಟ್ಟಳು ಕೂಡ. ಆ ಮಹಾಶಯರು ಕಂಬಳಿ ಹೊದ್ದು, ಅವಳ ಊದಿದ ಪಾದವನ್ನು ನೋಡುತ್ತ ಕೂತರು. ಹೊರಡುವಾಗ ಮೆಲ್ಲಗೆ ನನಗೆ ಹೇಳಿದರು: "ಇದೆಲ್ಲ ವೇದಿಕೆಯಲ್ಲಿ ಬರದ ಹಾಗೆ ನೋಡ್ಕೊಳ್ಳಿ ಸ್ವಾಮಿ, ದೊಡ್ಡವರು ನೀವು."

ಅವರು ಹೋದ ಮೇಲೆ ತಂಗಿ ಕೇಳಿದಳು: "ಅಣ್ಣಾ, ನಾನು ಹೋಗ್ದಿದ್ರೆ ನನ್ನ ಪರವಾಗಿ ಅವ್ರೇ ಹೇಳ್ಬಿಡ್ತಾರೆ. ಹೋದ್ರೆ ನಾನೇ ಹೇಳಿದ ಹಾಗಾಗುತ್ತೆ. ನಮ್ಮನೆಯೋರ ಸಾವನ್ನ ಅವ್ರ ಹೆಂಡ್ತೀನೇ ಮುಚ್ಚಿಹಾಕಿದ ಹಾಗಲ್ವಾ? ಏನ್ ಮಾಡ್ಲಿ ಹೇಳು." ಓದಿದ ಗ್ರಂಥಗಳನ್ನೆಲ್ಲ ಆ ರಾತ್ರಿ ಮತ್ತೆ ತಿರುವಿಹಾಕಿದೆ. ಅಂದಿನಿಂದ ಈ ಪತ್ರ ಬರೆಯುತ್ತಿದ್ದೇನೆ.

ಮಾನ್ಯರೇ, ನನ್ನ ಆಗ್ರಹ ಇದು. ಎರಡೂ ಬೆಟ್ಟಗಳಿಂದ ಫಿರಂಗಿಗಳು ಇಳಿದು, ನನ್ನ ತಂಗಿ ಯಾರ ಒತ್ತಾಯವೂ ಇಲ್ಲದೆ ತನ್ನ ಕೈಯಾರೆ ಚಿಲಕ ಹಾಕಿ ಮಲಗುವವರೆಗೆ ಆ ಪದಕವನ್ನು ತಮ್ಮ ಬಳಿಯೇ ಇರಿಸಿಕೊಳ್ಳಿ. ಅದು ತಮ್ಮಿಂದಾಗದು, ಆಮಂತ್ರಣಗಳು ಹೊರಟಾಗಿವೆ, ವಾದ್ಯದವರು ಬಂದಾಗಿದ್ದಾರೆ ಎನ್ನುವುದಾದರೆ ಇನ್ನೊಂದು ಸಣ್ಣ ಕೆಲಸವಿದೆ. ತಂಗಿ ಬರುತ್ತಾಳೆ. ನಿನ್ನೆ ತಾನೇ ನಿಶ್ಚಯಿಸಿದಳು. ಆ ಅಧಿಕಾರಿ ಹೇಳಿಕೊಟ್ಟ ಒಂದು ಮಾತನ್ನು ಅಕ್ಷರ ತಪ್ಪದೆ ಹೇಳುತ್ತಾಳೆ. ಚಪ್ಪಾಳೆ ಬೀಳುವ ಮುನ್ನ ತಾವು, ಅಧ್ಯಕ್ಷಪೀಠದಲ್ಲಿ ಕೂತವರು, ಅವಳ ಕಡೆ ತಿರುಗಿ "ಯಾಕಮ್ಮಾ?" ಎಂದು ಕೇಳಬೇಕು. ಯಾರೂ ಕೇಳುವುದಿಲ್ಲವೆಂದು ಅವಳಿಗೆ ಭರವಸೆ ಕೊಟ್ಟಿದ್ದಾರೆ. ಆ ಭರವಸೆಯನ್ನು ತಾವು ಸುಳ್ಳು ಮಾಡಬೇಕು. ಉಳಿದದ್ದನ್ನು ಅವಳು ನೋಡಿಕೊಳ್ಳುತ್ತಾಳೆ.

ಇಂತಿ,
ತಂಗಿ ಮರಳಿ ಬರುವತನಕ ಆ ಬಾಗಿಲು ಮುಚ್ಚಿಕೊಳ್ಳದಂತೆ ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲಿ ಕಂಬಳಿ ಹೊದ್ದು ಕಾವಲು ಕೂರಲಿರುವ,
ತಮ್ಮ ಶಾಂತಿಯ ಫಲಾನುಭವಿ ಮುದುಕ